ಕರ್ನಾಟಕದಲ್ಲಿ ಮನೋರೋಗದ ಆರೈಕೆ ಮನೆಬಾಗಿಲಿಗೆ ಬಂದ ಬಗೆ

ವರ್ಷಗಟ್ಟಲೆ, ಎಷ್ಟೋ ಸಲ ಜೀವಮಾನವಿಡೀ ಜೊತೆಗಿರುವ ಕಾಯಿಲೆಗಳಲ್ಲಿ ರೋಗದ ಹೆಸರಿಗಿಂತ ಅದನ್ನು ಹೊತ್ತು ಬಾಳುವ ವ್ಯಕ್ತಿಗೆ, ಅವರ ಮನೆ, ದುಡಿಮೆ, ಬೇಕುಬೇಡಗಳಿಗೆ ಮೊದಲ ಸ್ಥಾನ ಕೊಟ್ಟು ಚಿಕಿತ್ಸೆಯನ್ನು ರೂಪಿಸುವ ಕ್ರಮವನ್ನು ಇಂದಿನ ವೈದ್ಯಲೋಕ ವ್ಯಕ್ತಿಕೇಂದ್ರಿತ ಆರೈಕೆ ಎಂದು ಕರೆಯುತ್ತದೆ. ಪಶ್ಚಿಮ ದೇಶಗಳಲ್ಲಿ ಈ ವಿಚಾರ ಬೆಳೆದದ್ದು ತಜ್ಞರ ಅಧಿಕಾರವನ್ನು ಪ್ರಶ್ನಿಸುವ ಬೌದ್ಧಿಕ ಚಳವಳಿಯಾಗಿ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಲಹೆ ಕೇಳಿ ಬಂದವರೇ ತಮ್ಮ ಬದುಕಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಬಲ್ಲವರೆಂಬ ನಿಲುವಿನ ಮೇಲೆ ಒಂದು ಚಿಕಿತ್ಸಾ ಪದ್ಧತಿಯನ್ನೇ ಕಟ್ಟಿದರು. ಹಂಗೇರಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಮೈಕೆಲ್ ಬಾಲಿಂಟ್ 1957ರಲ್ಲಿ ಸಾಮಾನ್ಯ ವೈದ್ಯರನ್ನು ಕುರಿತು ಬರೆಯುತ್ತ, ವೈದ್ಯರು ಕೇಳಿಸಿಕೊಳ್ಳುವ ರೀತಿಯೂ ಔಷಧದಷ್ಟೇ ಕೆಲಸ ಮಾಡುತ್ತದೆ ಎಂದು ವಾದಿಸಿದರು. ಕರ್ನಾಟಕದಲ್ಲಿ ಇದರ ಚರಿತ್ರೆ ಬೇರೆ ದಾರಿ ಹಿಡಿಯಿತು. ಇಲ್ಲಿ ಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಯಿಂದಾಚೆಗೆ, ಮನೆಯವರ ಬಳಿಗೆ, ಹಳ್ಳಿಯ ಉಪಕೇಂದ್ರಕ್ಕೆ, ಈಚೆಗೆ ದೂರವಾಣಿಯವರೆಗೆ ತಳ್ಳಿಕೊಂಡು ಬಂದದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಕೊರತೆ: ಹಾಸಿಗೆಗಳ ಕೊರತೆ, ದಾದಿಯರ ಕೊರತೆ, ಎಲ್ಲಕ್ಕಿಂತ ಮಿಗಿಲಾಗಿ ಮನೋವೈದ್ಯರ ಕೊರತೆ. ಹೀಗೆ ಬಂದ ಬದಲಾವಣೆ ರೋಗಿಗೆ ಒಳ್ಳೆಯದನ್ನೇ ಮಾಡಿದರೂ, ಅದು ಮೊದಲು ಕೇಂದ್ರಕ್ಕೆ ತಂದದ್ದು ಕುಟುಂಬವನ್ನು, ಆಮೇಲೆ ಊರನ್ನು. ರೋಗಿಯ ಸ್ವಂತ ಮಾತಿಗೆ ಸರದಿ ಬಂದದ್ದು ಕೊನೆಯಲ್ಲಿ.

ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1847ರ ಸುಮಾರಿಗೆ, ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರಿನಲ್ಲಿ ಒಂದು ಲುನಾಟಿಕ್ ಅಸೈಲಮ್ ತೆರೆದರು. ಆ ಕಾಲದ ಇಂಥ ಸಂಸ್ಥೆಗಳೆಲ್ಲದರಂತೆ ಇದರ ಮುಖ್ಯ ಕೆಲಸವೂ ಬೀದಿಯಲ್ಲಿ ಅಲೆಯುವವರನ್ನು, ಮನೆಯವರ ಕೈಮೀರಿದವರನ್ನು ಸೇರಿಸಿಕೊಂಡು ಕಾಯುವುದಾಗಿತ್ತು. ಬ್ರಿಟಿಷ್ ಭಾರತದ 1858ರ ಮತ್ತು 1912ರ ಲುನಸಿ ಕಾಯಿದೆಗಳಲ್ಲಿ ವ್ಯಕ್ತಿಯನ್ನು ಒಳಗೆ ಕಳಿಸುವ ಅಧಿಕಾರ ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರದಾಗಿತ್ತೆಂಬುದನ್ನು ನೋಡಿದರೆ, ಆಗಿನ ಸರ್ಕಾರಗಳ ಕಣ್ಣಿಗೆ ಮನೋರೋಗ ಆರೋಗ್ಯ ಇಲಾಖೆಗಿಂತ ಕಾನೂನು ಸುವ್ಯವಸ್ಥೆಗೆ ಹತ್ತಿರದ ವಿಷಯವಾಗಿತ್ತೆಂಬುದು ತಿಳಿಯುತ್ತದೆ. ಹುಚ್ಚಾಸ್ಪತ್ರೆ ಎಂಬ ಹೆಸರು ಜನರ ಬಾಯಲ್ಲಿ ನಿಂತದ್ದೂ, ಅದರ ಭಯ ಇಂದಿಗೂ ಪೂರ್ತಿ ಕರಗದಿರುವುದೂ ಈ ಕಾಲದ ಉಳಿಕೆ.

ಸಂಸ್ಥಾನದ ಸರ್ಕಾರ 1925ರಲ್ಲಿ ಅಸೈಲಮ್ ಎಂಬ ಹೆಸರನ್ನು ಕೈಬಿಟ್ಟು ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಹೆಸರಿನ ಬದಲಾವಣೆಯಷ್ಟಕ್ಕೆ ನಿಂತಿದ್ದರೆ ಅದನ್ನು ಇಲ್ಲಿ ನೆನೆಯಬೇಕಿರಲಿಲ್ಲ. ಅಧೀಕ್ಷಕರಾಗಿದ್ದ ಡಾ. ಫ್ರಾಂಕ್ ನೊರೋನ್ಹ ಮತ್ತು ಅವರ ನಂತರದ ಡಾ. ಎಂ.ವಿ. ಗೋವಿಂದಸ್ವಾಮಿ ವಿದೇಶದ ಹೊಸ ಮನೋವೈದ್ಯವಿದ್ಯೆಯನ್ನು ಕಲಿತು ಬಂದವರಾಗಿದ್ದು, 1930ರ ದಶಕದ ಕೊನೆಯ ಹೊತ್ತಿಗೆ ಹೊಸೂರು ರಸ್ತೆಯ ವಿಶಾಲ ಆವರಣದಲ್ಲಿ ತಲೆಯೆತ್ತಿದ ಹೊಸ ಕಟ್ಟಡಗಳನ್ನು ಚಿಕಿತ್ಸೆಗೆಂದೇ ಬಳಸಲು ಯತ್ನಿಸಿದರು. ಲಂಡನ್ನಿನ ಮಾಡ್ಸ್‌ಲೀ ಆಸ್ಪತ್ರೆಯ ಮುಖ್ಯಸ್ಥ ಎಡ್ವರ್ಡ್ ಮೇಪದರ್ ಆ ದಶಕದಲ್ಲಿ ಭಾರತದ ಮನೋರೋಗ ಆಸ್ಪತ್ರೆಗಳನ್ನು ನೋಡಿ ಬೇಸರಪಟ್ಟಾಗಲೂ ಬೆಂಗಳೂರಿನ ಬಗ್ಗೆ ಒಳ್ಳೆಯ ಮಾತನಾಡಿದ್ದು ಇದರಿಂದಲೇ. ಆದರೂ ದೇಶದ ಒಟ್ಟು ಚಿತ್ರ ಕಂಗೆಡಿಸುವಂತಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿ ವರದಿ ಕೊಟ್ಟಾಗ ಮನೋರೋಗಿಗಳಿಗೆಂದು ಹಾಸಿಗೆಗಳಿದ್ದುದು ಹತ್ತು ಸಾವಿರದಷ್ಟು, ಎಂದರೆ ಸುಮಾರು 40,000 ಜನರಿಗೆ ಒಂದು. ತಜ್ಞರನ್ನು ತಯಾರು ಮಾಡುವ ಸಂಸ್ಥೆ ಬೇಕೆಂಬ ಸಮಿತಿಯ ಶಿಫಾರಸು ಫಲಿಸಿ 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರಾದರು. ಇಪ್ಪತ್ತು ವರ್ಷಗಳ ಬಳಿಕ, 1974ರಲ್ಲಿ, ರಾಜ್ಯದ ಆಸ್ಪತ್ರೆ ಮತ್ತು ಕೇಂದ್ರದ ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು.

ಮನೆಯವರು ಚಿಕಿತ್ಸೆಯ ಒಳಗೆ ಬಂದ ಕಥೆಯ ಮೊದಲ ಅಂಕ ನಡೆದದ್ದು ಕರ್ನಾಟಕದಲ್ಲಲ್ಲ, ಪಂಜಾಬಿನಲ್ಲಿ. ಅಮೃತಸರದ ಮಾನಸಿಕ ಆಸ್ಪತ್ರೆಯ ಅಧೀಕ್ಷಕ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ, ಕಿಕ್ಕಿರಿದ ವಾರ್ಡುಗಳಿಗೆ ಸಾಲುವಷ್ಟು ಸಿಬ್ಬಂದಿಯಿಲ್ಲದೆ, ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆಗೆ ಮನೆಯವರೂ ಅಲ್ಲೇ ತಂಗುವ ಏರ್ಪಾಡು ಮಾಡಿದರು. ಆಗ ತಾನೇ ಬಂದ ಔಷಧಗಳ ಪರಿಣಾಮವನ್ನು ಮನೆಯವರು ಕಣ್ಣಾರೆ ಕಂಡರು. ದೆವ್ವ ಹಿಡಿದಿದೆ, ಗುಣವಾಗುವ ಮಾತೇ ಇಲ್ಲ ಎಂದು ನಂಬಿದ್ದವರು ಪಕ್ಕದ ಡೇರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದವರನ್ನು ನೋಡಿ ಮನಸ್ಸು ಬದಲಿಸಿದರು. ಊರಿಗೆ ಮರಳಿದ ಮೇಲೆ ಮಾತ್ರೆ ಕೊಡುವ, ಗಮನಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಅದೇ ದಶಕದಲ್ಲಿ ಕುಟುಂಬದೊಡನೆ ಇರುವ ಪದ್ಧತಿಯನ್ನು ಕೈಗೊಂಡಿತು, ಬೆಂಗಳೂರಿನಲ್ಲಿ ಕುಟುಂಬ ಚಿಕಿತ್ಸೆ ಎಪ್ಪತ್ತರ ದಶಕದಿಂದ ಒಂದು ಪ್ರತ್ಯೇಕ ಶಾಖೆಯಾಗಿಯೇ ಬೆಳೆಯಿತು. ಪಶ್ಚಿಮದ ಹಲವು ಮನೋವೈದ್ಯರು ಆ ಹೊತ್ತಿನಲ್ಲಿ ಮನೆಯವರನ್ನು ರೋಗದ ಕಾರಣವೆಂದು ಅನುಮಾನದಿಂದ ನೋಡುತ್ತಿದ್ದಾಗ ಇಲ್ಲಿ ಅವರನ್ನು ಔಷಧದ ಪಾಲುದಾರರೆಂದು ಕರೆತಂದದ್ದು ಚಿಕ್ಕ ಸಾಧನೆಯಲ್ಲ. ಅದೇ ಹೊತ್ತಿಗೆ ರೋಗಿಯ ಪರವಾಗಿ ಮಾತನಾಡುವವರು ಸದಾ ಅಪ್ಪ, ಅಣ್ಣ ಅಥವಾ ಗಂಡನೇ ಎಂಬ ರೂಢಿಯೂ ಡೇರೆಯೊಳಗೇ ಬೇರೂರಿತೆಂಬುದನ್ನು ಮರೆಯುವಂತಿಲ್ಲ.

ಜನ ಕಾಯಿಲೆಯನ್ನು ಹೇಗೆ ಕಾಣುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಮೊದಲು ಅರಿಯದೆ ಯಾವ ಸೇವೆಯೂ ನಿಲ್ಲದೆಂಬ ತಿಳಿವಳಿಕೆಗೆ ಅಡಿಗಲ್ಲಾದದ್ದು ದಕ್ಷಿಣ ಕನ್ನಡ ಜಿಲ್ಲೆಯ, ಇಂದು ಉಡುಪಿಗೆ ಸೇರಿದ, ಕೋಟ ಗ್ರಾಮದ ಅಧ್ಯಯನ. ಶಿವರಾಮ ಕಾರಂತರ ಹುಟ್ಟೂರಾಗಿ ಕನ್ನಡಿಗರಿಗೆ ಪರಿಚಿತವಾದ ಈ ಊರು ಜಗತ್ತಿನ ಮನೋವೈದ್ಯರಿಗೆ ಪರಿಚಯವಾದದ್ದು ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರ 1976ರ ಗ್ರಂಥದಿಂದ. ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳ ಮನೆಗಳಿಗೆ ಹೋಗಿ ನಡೆಸಿದ ಆ ಸಮೀಕ್ಷೆಯಲ್ಲಿ, ಮನಸ್ಸಿನ ಬೇನೆಯ ಲಕ್ಷಣಗಳು ಆಸ್ಪತ್ರೆಯ ಮುಖವನ್ನೇ ಕಾಣದ ಜನರಲ್ಲೂ ವ್ಯಾಪಕವಾಗಿರುವುದು ಕಂಡುಬಂತು. ಬೇನೆ ಬಂದಾಗ ಜನ ನಾಟಿ ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು ಮತ್ತು ಇಂಗ್ಲಿಷ್ ಮದ್ದಿನ ಡಾಕ್ಟರು ಎಲ್ಲರನ್ನೂ ಯಾವ ಮುಜುಗರವೂ ಇಲ್ಲದೆ ಒಟ್ಟೊಟ್ಟಿಗೆ ಕಾಣುತ್ತಿದ್ದರು. ಹಳ್ಳಿಗರಿಗೆ ಆಧುನಿಕ ಚಿಕಿತ್ಸೆ ಒಗ್ಗದು ಎಂಬ ನಗರದ ತಜ್ಞರ ಊಹೆ ಇದರಿಂದ ಸಡಿಲವಾಯಿತು. ಅದೇ 1976ರಲ್ಲಿ ‘ರಾಶಿ’ ಎಂಬ ಹೆಸರಿನಿಂದ ಕೊರವಂಜಿ ಪತ್ರಿಕೆಯ ಓದುಗರನ್ನು ನಗಿಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಗಳನ್ನು ಕುರಿತು ಕನ್ನಡದಲ್ಲಿ ಬರೆದ ವೈದ್ಯರೊಬ್ಬರ ಪುಸ್ತಕಕ್ಕೆ ಸಾಹಿತ್ಯದ ಮನ್ನಣೆ ಸಿಕ್ಕಿದ್ದು, ಈ ಮಾತುಕತೆಗೆ ಬೇಕಾದ ನುಡಿ ಆಗಲೇ ಹದಗೊಂಡಿತ್ತೆಂಬುದರ ಗುರುತು, ಮುಂದೆ ಡಾ. ಸಿ.ಆರ್. ಚಂದ್ರಶೇಖರ್ ಹತ್ತಾರು ವರ್ಷ ಅದೇ ನುಡಿಯನ್ನು ಸಣ್ಣ ಸಣ್ಣ ಪುಸ್ತಕಗಳ ಮೂಲಕ ಮನೆಮನೆಗೆ ಮುಟ್ಟಿಸಿದರು.

ಕಪೂರ್ ಅವರ ಮುಂದಾಳ್ತನದಲ್ಲಿ 1975ರಲ್ಲಿ ನಿಮ್ಹಾನ್ಸಿನಲ್ಲಿ ಹುಟ್ಟಿದ ಸಮುದಾಯ ಮನೋವೈದ್ಯ ಘಟಕ ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಡತೊಡಗಿತು. ಮನೋವೈದ್ಯರ ಕೆಲಸದ ಒಂದು ಭಾಗವನ್ನು ಅವರಿಗಿಂತ ಕಡಿಮೆ ಓದಿದವರಿಗೆ ಒಪ್ಪಿಸುವ ಈ ಕ್ರಮವನ್ನು ತಜ್ಞರು ಕಾರ್ಯ ಹಸ್ತಾಂತರ ಎನ್ನುತ್ತಾರೆ. ಚಂಡೀಗಢದ ಬಳಿಯ ರಾಯಪುರ ರಾಣಿಯಲ್ಲೂ ಆಗಲೇ ಇಂಥದೇ ಪ್ರಯತ್ನ ನಡೆದಿತ್ತು, ಎರಡೂ ಕಡೆಯ ಅನುಭವ ಕೂಡಿ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಕಾಗದದ ಮೇಲಿನ ಈ ಕಾರ್ಯಕ್ರಮ ಇಡೀ ಒಂದು ಜಿಲ್ಲೆಯಲ್ಲಿ ನಡೆಯಬಲ್ಲುದೇ ಎಂಬುದನ್ನು ಒರೆಗೆ ಹಚ್ಚಿದ್ದು ಬಳ್ಳಾರಿ, 1985ರಿಂದ 1990ರವರೆಗೆ.

ಬಳ್ಳಾರಿಯ ಪ್ರಯೋಗದ ಒಳರಚನೆಯನ್ನು ಹತ್ತಿರದಿಂದ ನೋಡುವುದು ಉಪಯುಕ್ತ, ಏಕೆಂದರೆ ಮುಂದೆ ಬಂದ ಕಂಪ್ಯೂಟರ್ ವ್ಯವಸ್ಥೆಗಳೆಲ್ಲ ಅದನ್ನೇ ಬೇರೆ ಸಾಧನದಲ್ಲಿ ಮತ್ತೆ ಕಟ್ಟಿವೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೇ ಆರು ಔಷಧಗಳು: ಭ್ರಮೆ, ಉದ್ರೇಕಗಳನ್ನು ತಗ್ಗಿಸುವ ಕ್ಲೋರ್‌ಪ್ರೊಮಝೀನ್, ಖಿನ್ನತೆಗೆ ಅಮಿಟ್ರಿಪ್ಟಿಲೀನ್, ಮೂರ್ಛೆರೋಗಕ್ಕೆ, ಅಂದರೆ ಜನ ಫಿಟ್ಸ್ ಎನ್ನುವ ಕಾಯಿಲೆಗೆ, ಫೀನೋಬಾರ್ಬಿಟೋನ್ ಮತ್ತು ಫೆನಿಟಾಯಿನ್, ದಿನವೂ ಮಾತ್ರೆ ನುಂಗಲಾರದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಫ್ಲುಫೆನಝೀನ್ ಚುಚ್ಚುಮದ್ದು, ಕ್ಲೋರ್‌ಪ್ರೊಮಝೀನ್, ಫ್ಲುಫೆನಝೀನ್‌ಗಳಿಂದ ಕೈನಡುಕ, ಬಿಗಿತ ಬಂದರೆ ಅದನ್ನು ಸಡಿಲಿಸುವ ಟ್ರೈಹೆಕ್ಸಿಫೆನಿಡಿಲ್. ಇದರ ಜೊತೆಗೆ ಪ್ರತಿ ರೋಗಿಗೂ ಒಂದು ಸರಳ ದಾಖಲೆ, ಕೇಂದ್ರಗಳಿಂದ ಜಿಲ್ಲೆಗೆ ತಿಂಗಳ ವರದಿ, ಜಿಲ್ಲಾ ಕೇಂದ್ರದಲ್ಲಿ ಒಂದು ಚಿಕ್ಕ ತಜ್ಞ ತಂಡ. ಮದ್ದು ಬಿಟ್ಟವರನ್ನು ದಾಖಲೆಯಿಂದ ಪತ್ತೆ ಮಾಡಿ ಮನೆಗೆ ಹೋಗಿ ಕೇಳುವ ಕೆಲಸ ಆರೋಗ್ಯ ಕಾರ್ಯಕರ್ತರದು. ಸ್ಕಿಜೋಫ್ರೀನಿಯಾದಂಥ ಕಾಯಿಲೆಯಲ್ಲಿ, ಅಂದರೆ ಯೋಚನೆಯ ಕೊಂಡಿಗಳೇ ಸಡಿಲಗೊಂಡು ಇಲ್ಲದ ದನಿಗಳು ಕೇಳಿಸುವ ದೀರ್ಘ ಕಾಯಿಲೆಯಲ್ಲಿ, ಮದ್ದು ನಿಂತರೆ ರೋಗ ಮರುಕಳಿಸುವುದು ಸಾಮಾನ್ಯವಾದ್ದರಿಂದ, ಇಡೀ ವ್ಯವಸ್ಥೆಯ ಜೀವ ಇದ್ದುದು ತಜ್ಞರ ಪಾಂಡಿತ್ಯದಲ್ಲಲ್ಲ, ಹೀಗೆ ಬಾಗಿಲು ತಟ್ಟಿ ವಿಚಾರಿಸುವವರಲ್ಲಿ. ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಜಿಲ್ಲೆಯ ಕೂಲಿಕಾರ ಕುಟುಂಬಕ್ಕೆ, ಎರಡು ದಿನದ ಕೂಲಿ ಕಳೆದುಕೊಂಡು ಬಸ್ಸಿಗೆ ದುಡ್ಡು ಹೊಂದಿಸುವ ಬದಲು ಸಂತೆಗೆ ಹೋದ ದಾರಿಯಲ್ಲೇ ಮಾತ್ರೆ ಸಿಕ್ಕಿದ್ದು ದೊಡ್ಡ ಅನುಕೂಲ.

ಇದೇ ಮಾದರಿಯನ್ನು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ನಾಲ್ಕು ಜಿಲ್ಲೆಗಳಿಂದ ಆರಂಭಿಸಿ ದೇಶಕ್ಕೆಲ್ಲ ಹರಡಲು ಹೊರಟಿತು. ಹರಡುವಾಗ ಅದರ ಸತ್ವ ಬಹುಮಟ್ಟಿಗೆ ಸೋರಿಹೋಯಿತೆನ್ನದೆ ವಿಧಿಯಿಲ್ಲ. ಹಣ ಬಂದ ಕಡೆ ಮನೋವೈದ್ಯರು ಸಿಗಲಿಲ್ಲ, ಮನೋವೈದ್ಯರಿದ್ದ ಕಡೆ ಔಷಧದ ಪೂರೈಕೆ ನಿಂತಿತು, ತರಬೇತಿ ಪಡೆದ ವೈದ್ಯರಿಗೆ ವರ್ಗವಾಯಿತು, ಎಷ್ಟೋ ಜಿಲ್ಲೆಗಳಲ್ಲಿ ಕಾರ್ಯಕ್ರಮವೆಂದರೆ ಜಿಲ್ಲಾಸ್ಪತ್ರೆಯ ಒಂದು ಹೊರರೋಗಿ ವಿಭಾಗವೆಂದಷ್ಟೇ ಆಯಿತು. ಸರ್ಕಾರದ ಸೇವೆ ತಲುಪದ ಕಡೆ ಏನು ನಡೆಯುತ್ತದೆಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಿಂದ ಕಟ್ಟಿಹಾಕಿದ್ದ 28 ಮಂದಿ ಸತ್ತದ್ದು ದೇಶಕ್ಕೆ ತೋರಿಸಿತು.

ಕರ್ನಾಟಕದಲ್ಲಿ ಬಳ್ಳಾರಿಯ ಪಾಠ ಪೂರ್ತಿ ಮಾಸಲಿಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸಿನ ತಂಡವೊಂದು ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿಯ ಕಾರ್ಯಕರ್ತೆಯರ ನೆರವಿನಿಂದ ಹುಡುಕಿ, ವರ್ಷಗಟ್ಟಲೆ ಬೆನ್ನು ಬಿಡದೆ ಚಿಕಿತ್ಸೆ ಕೊಟ್ಟು, ಗದ್ದೆ ತೋಟದ ಕೆಲಸಕ್ಕೆ ಅವರು ಮರಳಿದರೇ ಇಲ್ಲವೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿಯೂ ಇಂಥ ಕೆಲಸ ನಡೆಯಿತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಯೋಜನೆ ಅದೇ ದಾರಿಯ ಮುಂದುವರಿಕೆ. ನಗರದಲ್ಲಿ ಬೇರೆ ಬಗೆಯ ಪ್ರಯತ್ನಗಳಾದವು: 1964ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಆಸ್ಪತ್ರೆಗೂ ಮನೆಗೂ ನಡುವಣ ಆಸರೆಯ ಮನೆಯನ್ನು, ಅಂದರೆ ಚೇತರಿಸಿಕೊಂಡವರು ದಿನದ ಬದುಕಿನ ಕೆಲಸಗಳನ್ನು ಮತ್ತೆ ರೂಢಿ ಮಾಡಿಕೊಳ್ಳುವ ತಂಗುದಾಣವನ್ನು ನಡೆಸಿತು. ಇಂಥ ಮನೆಗಳಲ್ಲಿ ಮಾತ್ರ, ಅಪ್ಪ ಅಮ್ಮನ ಕಣ್ಣಿನಿಂದ ತುಸು ದೂರದಲ್ಲಿ, ರೋಗಿಗೆ ತನ್ನ ದಿನವನ್ನು ತಾನೇ ಹಂಚಿಕೊಳ್ಳುವ ಅವಕಾಶವಿತ್ತೆಂದು ಕಾಣುತ್ತದೆ.

ರೋಗಿಯ ಸ್ವಂತ ಇಚ್ಛೆ ಕಾನೂನಿನ ಮಾತಾದದ್ದು ತೀರ ಈಚೆಗೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ ಮರುವರ್ಷ ಬದ್ಧವಾದ್ದರಿಂದ 1987ರ ಮಾನಸಿಕ ಆರೋಗ್ಯ ಕಾಯಿದೆಯನ್ನು ಬದಲಿಸಬೇಕಾಯಿತು. 2017ರಲ್ಲಿ ಅಂಗೀಕಾರಗೊಂಡು 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಎರಡು ಹೊಸ ಸಂಗತಿಗಳನ್ನು ತಂದಿತು. ಒಂದು, ಮುಂಗಡ ನಿರ್ದೇಶನ: ಮುಂದೆ ತನಗೆ ಮನೋರೋಗ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವಯಸ್ಕ ವ್ಯಕ್ತಿ ಮೊದಲೇ ಬರೆದಿಡಬಹುದು. ಇನ್ನೊಂದು, ನಾಮನಿರ್ದೇಶಿತ ಪ್ರತಿನಿಧಿ: ತನ್ನ ಪರವಾಗಿ ಮಾತನಾಡುವವರನ್ನು ವ್ಯಕ್ತಿಯೇ ಆರಿಸಬಹುದು, ಅವರು ಮನೆಯವರೇ ಆಗಿರಬೇಕೆಂದಿಲ್ಲ. ಕುಟುಂಬವನ್ನೇ ನಂಬಿ ಆರು ದಶಕ ನಡೆದ ವ್ಯವಸ್ಥೆಗೆ ಇದು ಇರುಸುಮುರುಸು ತಂದದ್ದು ಸಹಜ, ಹಲವು ಮನೋವೈದ್ಯರು ಇದು ನಮ್ಮ ಮನೆತನಗಳ ರೀತಿಗೆ ಹೊಂದದೆಂದು ಆಕ್ಷೇಪಿಸಿದ್ದೂ ಉಂಟು. ಆಕ್ಷೇಪದಲ್ಲಿ ಹುರುಳಿದೆ, ಖರ್ಚು ಹೊರುವವರು, ರಾತ್ರಿ ಎಚ್ಚರವಿರುವವರು ಮನೆಯವರೇ. ಆದರೆ ತವರಿಗೂ ಗಂಡನ ಮನೆಗೂ ಬೇಡವಾಗಿ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದ ಹೆಂಗಸರನ್ನು ನೆನೆದರೆ, ಪ್ರತಿನಿಧಿಯನ್ನು ಆರಿಸುವ ಹಕ್ಕು ಬರಿಯ ಆಮದು ಸರಕೆಂದು ತಳ್ಳಿಹಾಕಲಾಗದು.

ದೂರವಾಣಿ ಮತ್ತು ಕಂಪ್ಯೂಟರು ಈ ಚರಿತ್ರೆಗೆ ಬಂದದ್ದೂ ಹಳೆಯ ಕೊರತೆಯ ಬಾಗಿಲಿನಿಂದಲೇ. ಇಸ್ರೋದ ಉಪಗ್ರಹ ಸಂಪರ್ಕದಿಂದ 2002ರ ಸುಮಾರಿಗೆ ಬೆಂಗಳೂರಿನ ನಾರಾಯಣ ಹೃದಯಾಲಯ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಣೆಯಾಗಿ ಹೃದ್ರೋಗಿಗಳ ತಪಾಸಣೆ ದೂರದಿಂದ ನಡೆಯಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ‘ಸಹಾಯ್’ ಎಂಬ ಆತ್ಮಹತ್ಯೆ ತಡೆ ಸಹಾಯವಾಣಿ ಸ್ವಯಂಸೇವಕರಿಂದ ಆರಂಭವಾಯಿತು. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮನೋರೋಗವಿರುವುದನ್ನೂ, ಬಹುಪಾಲು ಕಾಯಿಲೆಗಳಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗದಿರುವುದನ್ನೂ ತೋರಿಸಿದಾಗ ಕೊರತೆಯ ಅಳತೆ ಸ್ಪಷ್ಟವಾಯಿತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ದೂರವೈದ್ಯದ ಮಾರ್ಗಸೂಚಿಗಳು ಹೊರಬಿದ್ದು ಫೋನಿನಲ್ಲಿ ಚಿಕಿತ್ಸೆ ಹೇಳುವುದಕ್ಕೆ ಸ್ಪಷ್ಟ ನಿಯಮಗಳು ಸಿಕ್ಕವು. ಆ ಸುಮಾರಿಗೆ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ‘ಇ-ಮನಸ್’ ಎಂಬ ವಿದ್ಯುನ್ಮಾನ ದಾಖಲೆ ವ್ಯವಸ್ಥೆಯನ್ನು ತಂದಿತು. ರೋಗಿಯ ವಿವರ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅವರ ಒಪ್ಪಿಗೆ ಬೇಕೆಂಬ ನಿಯಮ ಅದರ ರಚನೆಯಲ್ಲೇ ಇದೆ. ಬಳ್ಳಾರಿಯ ಕಾಗದದ ದಾಖಲೆಗೆ ಇಂಥ ಕಟ್ಟುಪಾಡು ಇರಲಿಲ್ಲ.

ಇದರ ಬೆನ್ನಿಗೆ ಬಂದ ‘ಟೆಲಿ ಮಾನಸ್’ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನಿಂದ ದೇಶಕ್ಕೆಲ್ಲ ಆರಂಭವಾಯಿತು. ನಿಮ್ಹಾನ್ಸ್ ಅದರ ಶಿಖರ ಸಂಸ್ಥೆ. ಹಗಲು ರಾತ್ರಿ ಎನ್ನದೆ 14416ಕ್ಕೆ ಶುಲ್ಕವಿಲ್ಲದೆ ಕರೆ ಮಾಡಿ ಭಾಷೆಯನ್ನು ಆರಿಸಿಕೊಂಡರೆ ಮೊದಲು ಮಾತಿಗೆ ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅವರ ಕೈಮೀರಿದ್ದು ಮನೋವೈದ್ಯರಿಗೂ, ಮುಖಾಮುಖಿ ನೋಡಬೇಕಾದದ್ದು ಜಿಲ್ಲಾ ಕಾರ್ಯಕ್ರಮಕ್ಕೂ ವೈದ್ಯಕೀಯ ಕಾಲೇಜಿಗೂ, ವಿಡಿಯೊ ಸಲಹೆ ಸಾಕಾದದ್ದು ಸರ್ಕಾರದ ದೂರವೈದ್ಯ ಸೇವೆ ‘ಇ-ಸಂಜೀವಿನಿ’ಗೂ ಹೋಗುತ್ತದೆ. ಆರೋಗ್ಯ ಕಾರ್ಯಕರ್ತರು, ಪ್ರಾಥಮಿಕ ವೈದ್ಯರು, ಜಿಲ್ಲಾ ತಜ್ಞರು ಎಂಬ ಬಳ್ಳಾರಿಯ ಮೆಟ್ಟಿಲುಗಳೇ ಇಲ್ಲಿ ಮತ್ತೆ ಕಾಣುತ್ತವೆ. 2025ರ ಹೊತ್ತಿಗೆ ಕರೆಗಳ ಸಂಖ್ಯೆ 20 ಲಕ್ಷ ದಾಟಿತ್ತು. ಹೆಸರು ಹೇಳದೆ, ಯಾರ ಜೊತೆಯೂ ಇಲ್ಲದೆ, ತನ್ನದೇ ಮಾತಿನಲ್ಲಿ ಕಷ್ಟ ಹೇಳಿಕೊಳ್ಳುವ ಅವಕಾಶ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು ಈ ಚರಿತ್ರೆಯಲ್ಲಿ ಹೊಸದು. ಆದರೆ ಬಳ್ಳಾರಿಯಲ್ಲಿ ಮದ್ದು ಬಿಟ್ಟವರ ಮನೆಗೆ ಯಾರೋ ಹೋಗುತ್ತಿದ್ದರು, ಇಲ್ಲಿ ಕರೆ ಮಾಡಬೇಕಾದವರು ಕಾಯಿಲೆಯಲ್ಲಿರುವವರೇ. ತನಗೆ ಕಾಯಿಲೆಯೇ ಇಲ್ಲ ಎಂದು ನಂಬಿಸುವುದೇ ಲಕ್ಷಣವಾದ ರೋಗದಲ್ಲಿ, ಮನೆಗೊಂದೇ ಫೋನಿದ್ದು ಅದೂ ಗಂಡಸರ ಜೇಬಿನಲ್ಲಿರುವ ಊರುಗಳಲ್ಲಿ, ಆ ಕರೆ ಬರುವುದನ್ನು ಕಾದು ಕೂರುವಂತಿಲ್ಲ. ಇಂಥ ಮನೆಗಳ ಬಾಗಿಲಿಗೆ ಇಂದಿಗೂ ಹೋಗುವವರು ಆಶಾ ಕಾರ್ಯಕರ್ತೆಯರು. ಬಾಣಂತಿಯರ ಪಟ್ಟಿ, ಲಸಿಕೆಯ ಲೆಕ್ಕ, ರಕ್ತದೊತ್ತಡ ಸಕ್ಕರೆ ಕಾಯಿಲೆಗಳ ಸಮೀಕ್ಷೆ ಇವುಗಳ ಜೊತೆಗೆ ಈ ವಿಚಾರಣೆಯೂ ಅವರ ಹೆಗಲಿಗೇ ಬಂದಿದೆ, ಮತ್ತು ಅವರು ಸರ್ಕಾರದಿಂದ ಪಡೆಯುವುದಕ್ಕೆ ಇನ್ನೂ ಸಂಬಳವೆಂಬ ಹೆಸರಿಲ್ಲ, ಅದು ಗೌರವಧನ.